ಮೂಗಿನ ಭಾರ

ನಿನ್ನ ಜಾವಾ ಕೆಟ್ಟು ನಿಂತದ್ದು ಬೆಸ್ಕಿಡಿ ಬೆಟ್ಟದಾಚೆ.
ಪಕ್ಕದ ಮನೆಯ ಬೊಹುಮಿಲ್‌ನ ಟ್ರೇಲರ್ ಕೇಳಿ
ನನ್ನ ಪುಟ್ಟ ಸ್ಕೋಡಾದ ಬೆನ್ನಿಗೆ ಬಿಗಿದು ತಂದೆ.
"ಈ ಕೋಳಿಮರಿ ಎಳೆಯುತ್ತಾ?" ಅಂದೆ ನೀನು,
ಲುಬೋರ್, ಕೈತುಂಬ ಮಸಿ.

ಏರಿಗೆ ಎರಡನೇ ಗೇರು. ಉಸ್ಸೆಂದಿತು, ಹತ್ತಿತು.
ಇಳಿಜಾರಲ್ಲಿ ಶುರುವಾಯಿತು ನೋಡು,
ಎತ್ತು ಏರಿಗೆ, ಕೋಣ ನೀರಿಗೆ:
ಟ್ರೇಲರ್ ಬಾಲ ಬೀಸಿ ಬೀಸಿ ಕಾರನ್ನೇ ಅಲ್ಲಾಡಿಸಿತು.
"ಬ್ರೇಕು! ಬ್ರೇಕು!"
ಒತ್ತಲಿಲ್ಲ ನಾನು. ಕಾಲು ತೆಗೆದೆ, ಅಷ್ಟೇ.
ಸ್ಟಿಯರಿಂಗ್ ನೆಟ್ಟಗೆ. ತಾನಾಗೇ ಸೋತಿತು.

ಫರ್ ಮರಗಳ ಕೆಳಗೆ ನಿಲ್ಲಿಸಿ
ಡಿಕ್ಕಿಯಿಂದ ತೆಗೆದೆ ಬಚ್ಚಲುಮನೆಯ ಮೈತೂಕದ ಯಂತ್ರ.
ನಕ್ಕೆ ನೀನು: "ಈಗ್ಯಾಕೆ ತೂಕ?"
ಕೊಕ್ಕೆ ಬಿಡಿಸಿ ಟ್ರೇಲರಿನ ಮೂಗು ಅದರ ಮೇಲಿಟ್ಟೆ.
ಒಂಬತ್ತು ಕಿಲೋ.
ಮೂಗಿಗೆ ಭಾರವಿಲ್ಲದ್ದು ಬಾಲ ಬೀಸುತ್ತದೆ.
ಪಟ್ಟಿ ಸಡಿಲಿಸಿ ಜಾವಾವನ್ನು
ಒಂದು ಗೇಣು ಮುಂದೆ ತಳ್ಳಿದೆವು.
ನಲವತ್ತೆರಡು. ಸಾಕು.

ಇಪ್ಪತ್ತಾರು ವರ್ಷ ಕೂತಿದ್ದೇನೆ ಅದರ ಹಿಂದಿನ ಸೀಟಲ್ಲಿ,
ನಿನ್ನ ತೊಗಲಿನ ಜಾಕೆಟ್ಟನ್ನೇ ದಾರಿಯೆಂದುಕೊಂಡು.
"ನಾನು ವಾಲಿದತ್ತ ವಾಲು" ಅನ್ನುತ್ತಿದ್ದೆ.

ಈಗ ಕನ್ನಡಿಯಲ್ಲಿ ಅದರ ಒಂಟಿಗಣ್ಣು.
ಪಕ್ಕದಲ್ಲಿ ನೀನು, ಬೆಲ್ಟು ಕಟ್ಟಿಕೊಂಡು,
ಪ್ರತಿ ತಿರುವಿಗೂ
ಸುಮ್ಮಸುಮ್ಮನೆ ವಾಲುತ್ತಿದ್ದೀಯ.