ನಲವತ್ತು ಚೀಲ

ಬೋತ್ನಿಯಾ ಕೊಲ್ಲಿಯ ಈ ದ್ವೀಪದಲ್ಲಿ
ಹೂಳುವಷ್ಟು ಮಣ್ಣಿಲ್ಲ.
ವಿಯೆನೊ ಅಜ್ಜಿಗೆಂದು ನಲವತ್ತು ಆಲೂಗಡ್ಡೆ ಚೀಲ
ಮಣ್ಣು ತುಂಬಿಕೊಂಡು ದೋಣಿಯೇರಿ ಬಂತು.

ಬಂಡೆ ಕೊರೆದವನು ತೌನೊ.
ಅವಳ ಬೋರ್‌ವೆಲ್ಲನ್ನೂ ಅವನೇ ಕೊರೆದದ್ದು.
‘ನೂರತೊಂಬತ್ತು ಕೋಟಿ ವರ್ಷದ ಕಲ್ಲು ತಾಯಿ’
ಅಂದಿದ್ದ ಆಗ.
‘ಕಲ್ಲಿನ ವಯಸ್ಸು ಹೇಳಿ ಕೂಲಿ ಏರಿಸಬೇಡ’
ಅಂದಿದ್ದಳು.

ಹಿಮನದಿ ಉಜ್ಜಿಹೋದ ಗೀರುಗಳು
ಗುಂಡಿಯಂಚಿನಲ್ಲಿ ಇನ್ನೂ ದಕ್ಷಿಣಕ್ಕೇ ಹೊರಟಿವೆ.
ಆ ಹೊರೆ ಇಳಿದು ಎಷ್ಟು ಸಾವಿರ ವರ್ಷ!
ನೆಲ ಇನ್ನೂ ಬೆನ್ನು ನೆಟ್ಟಗೆ ಮಾಡುತ್ತಲೇ ಇದೆ,
ವರ್ಷಕ್ಕೊಂದು ಉಗುರಿನಷ್ಟು.
ಅವಳಪ್ಪ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆ
ಈಗ ಬ್ಲೂಬೆರಿ ಪೊದೆಯೊಳಗೆ.

ಸುರಿದೆವು. ಕೊನೆಯ ಚೀಲದ ತಳದಲ್ಲಿ
ಮೊಳಕೆಯೊಡೆದ ಒಂದು ಆಲೂಗಡ್ಡೆ.
ತೌನೊ ಅದನ್ನೆತ್ತಿ, ಅತ್ತಿತ್ತ ನೋಡಿ,
ಜೇಬಿಗಿಳಿಸಿಕೊಂಡ.