ದೊಡ್ಡದು ಮಾಡುವುದು

ಟ್ರಿಯೆಸ್ತೆಯ ಹಡಗುಕಟ್ಟೆಯ ಹಿಂದೆ
ಹಗ್ಗದಂಗಡಿ ಮುಚ್ಚಿದ ಜಾಗದಲ್ಲಿ
ಎರಡು ಕುರ್ಚಿ, ಹನ್ನೊಂದು ದೀಪ.
ಕರೆಂಟು ಬಿಲ್ಲಿಗೆ ಹೆದರಿ ನಿವೆಸ್
ಒಂದೊಂದೇ ಹೊತ್ತಿಸುತ್ತಿದ್ದಳು,
ಗಿರಾಕಿ ಮುಂದಿನದಕ್ಕೆ ಸರಿದರೆ
ಹಿಂದಿನದನ್ನು ದೊಡ್ಡದು ಮಾಡುತ್ತ.

ಈಗ ಮಗ ಲಿವಿಯೊನ ಮೂರು ಮಹಡಿ.
ಗೋಡೆಯೇ ಇಲ್ಲವೆಂಬಂತೆ ಗಾಜು. ಸೋಫಾ ಒಂದರ ಬೆಲೆಗೆ
ಅಂದಿನ ಇಡೀ ಅಂಗಡಿ ಬರುತ್ತಿತ್ತು.
ಎಂಬತ್ತೆಂಟರ ನಿವೆಸ್ ಕೋಲೂರಿ ಬಂದು
ಗಿರಾಕಿಗಳ ಬೆನ್ನಿಗೇ ಟಪ್, ಟಪ್.
"ಬಾಗಿಲು ಹಾಕುವ ಹೊತ್ತೇ?" ಕೋಟು ಎತ್ತಿಕೊಳ್ಳುತ್ತಾರೆ ಅವರು.
ಮೊಮ್ಮಗಳು ಒಂದೀನಾ ಹಿಂದೆಯೇ ಬಂದು
ಮತ್ತೆ ಹೊತ್ತಿಸುತ್ತಾಳೆ, ನಕ್ಕು, ಸುಸ್ತಾಗಿ.

ನಾಲ್ಕನೇ ಮಹಡಿ ತೆರೆದ ಸಂಜೆ
ಬೋರಾ ಗಾಳಿ ನುಗ್ಗಿ ಊರಿಗೂರೇ ಕತ್ತಲು.
ಭಾಷಣದ ಚೀಟಿ ಹಿಡಿದು ಲಿವಿಯೊ ನಿಂತೇ ಇದ್ದ.
ಮುದುಕಿ ಚೀಲದಿಂದ ಟಾರ್ಚು ತೆಗೆದು
ಹಾಲುಗಾಜಿನ ದೀಪವೊಂದರ ಸುತ್ತ ನಿಧಾನ ಆಡಿಸಿದಳು:
"ಆರಿರುವಾಗಲೂ ಚೆನ್ನಾಗಿ ಕಾಣಬೇಕು.
ದಿನದ ಬಹುಪಾಲು
ಆರಿಯೇ ಇರುತ್ತದಲ್ಲ."

ಆ ರಾತ್ರಿ ಮಾರಿದ್ದು ಅದೊಂದೇ.
ಯಂತ್ರ ಸತ್ತಿತ್ತು, ರಸೀದಿ ಅವಳೇ ಬರೆದಳು,
ಅಭ್ಯಾಸಬಲ,
ಲೀರಾದಲ್ಲಿ.