ತಿಂಗಳ ಬಿಳಿ

ಚೀನಾ ರೇಷ್ಮೆಯ ಲಡಿಗೆ ಕಟ್ಟಿದ ಚೀಟಿಯಲ್ಲಿ ಎರಡೇ ಅಕ್ಷರ:
ಒಂದು ಏಣಿ,
ಇನ್ನೊಂದು ನೆತ್ತಿಗೆ ಗೀಟು ಬಿದ್ದ ಕಿಟಕಿ.
ದಲಾಲಿ ಮಹಾಂತಯ್ಯ ಬಿಡಿಸಿ ಹೇಳಿದ:
"ಮೊದಲಿಂದು ತಿಂಗಳು, ಮುಂದಿಂದು ಬಿಳಿ.
ಆರು ಸೀರೀದಷ್ಟು ಬೇಕು, ಹಿಂಗ ಬಣ್ಣ ಬರಬೇಕು."

ಮಾಮಾ ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿದ.
ಮೊಣಕೈತನಕ ನೀಲಿ ಕುಡಿದ ಕೈ.
"ಇದ್ಯಾವ ಬಿಳಿ? ನೀಲಿ ಐತಿ ಇದು, ಒಂದ ಮುಳುಗಿಂದು.
ಅವರ ಕಣ್ಣಿಗೆ ಏನಾಗೇತಿ?"
ಇಳಕಲ್ಲಿನ ನೀಲಗಾರರ ಓಣಿಯಲ್ಲಿ
ನೀಲಿಗೆ ಬಿಳಿ ಅಂದವನನ್ನು
ಕಲ್ಲು ಒಡೆಯಲು ಕಳಿಸುತ್ತಾರೆ.

ನಾನು ನಕ್ಕೆ. ಅವ್ವ ನಗಲಿಲ್ಲ.
ಬಿಳಿ ಸೀರೆಯ ಮಡಿಲಲ್ಲಿ ಕಂಡಿಕಿ ಇಟ್ಟುಕೊಂಡು ಸುತ್ತುತ್ತಿದ್ದಳು.
ದಾಳಿಂಬರಿ, ಗಿಣಿಹಸಿರು, ನವಿಲಗೊರಳು
ಹನ್ನೊಂದು ವರ್ಷದಿಂದ ಅವಳ ಬೆರಳು ದಾಟಿ
ಬೇರೆಯವರ ಮೈಗೆ ಹೋಗುತ್ತಿವೆ.
ತಲೆ ಎತ್ತದೆ ಕೇಳಿದಳು:
"ಅಲ್ಲಿ ಗಂಡ ಸತ್ತವರು ಏನ ಉಡತಾರ?"
"ಅಲ್ಲೂ ಸೂತಕಕ್ಕ ಬಿಳೀನ, ಅಕ್ಕಾ."
"ಈ ಬಿಳೀನ?"
"ಇದಲ್ಲ. ಇದನ್ನ ಅರಸರು ಉಡತಿದ್ರಂತ,
ಚಂದ್ರನ ಪೂಜಿಗೆ."
ರಾಟಿ ಒಂದು ಸುತ್ತು ತಪ್ಪಿತು.

ಕಪ್ಪು ಸೀರೆಗೆ ಚಂದ್ರಕಾಳಿ ಅನ್ನುತ್ತೇವೆ ನಾವು,
ಸಂಕ್ರಾಂತಿಗೆ ಹೊಸ ಸೊಸೆಗೆ ಉಡಿಸುತ್ತೇವೆ.
ಆ ಕಪ್ಪಿನಲ್ಲಿ ಚಂದ್ರ ಎಲ್ಲಿ ಎಂದು
ಯಾರೂ ಕೇಳಿದ್ದಿಲ್ಲ.

ಗಟ್ಟಿ ನೀಲಿಯೆಲ್ಲ ಕೊಟ್ಟು ತೀರಿದ ಬಾನಿಯೊಂದು
ಮೂಲೆಯಲ್ಲಿತ್ತು. ಸತ್ತ ಬಾನಿ ಅಂತಾರೆ ಅದಕ್ಕೆ,
ಮರುದಿನ ಗಟಾರಕ್ಕೆ ಸುರಿಯುವಂಥದ್ದು.
ಮಾಮಾ ಅದರಲ್ಲೇ ಅದ್ದಿದ.
ಮೂರು ಉಸಿರು. ಎತ್ತಿದ.
ಹಸಿರು ಇತ್ತು; ಗಾಳಿ ಮುಟ್ಟಿದ ಮೇಲೆ ಹಸಿರೂ ಹೋಯಿತು.
ಉಳಿದದ್ದು,
ಎಳೆಗೂಸಿನ ಕಣ್ಣಬಿಳಿಯಲ್ಲಿ ಇರುತ್ತದಲ್ಲ,
ಅಷ್ಟೇ ನೀಲಿ.

ಮಹಾಂತಯ್ಯ ತೂಗಿದಾಗ
ಒಂದು ಸೀರೆಯಷ್ಟು ಕಡಿಮೆ ಬಂತು.
"ಬಾನಿ ಕುಡೀತು," ಅಂದ ಮಾಮಾ,
"ನನ್ನ ಲೆಕ್ಕಕ್ಕ ಬರಕೋ."

ಸೀರೆ ಮಗ್ಗ ಇಳಿದದ್ದು ದಸರಾ ಕಳೆದ ಮೇಲೆ.
ನಳದ ಹತ್ತಿರ ಕೊಡ ಕೆಳಗಿಟ್ಟು
ಬಾಳವ್ವ ಅಂದೇ ಬಿಟ್ಟಳು, ಓಣಿಗೆಲ್ಲ ಕೇಳುವ ಹಾಗೆ:
"ಸಂಕವ್ವಾ, ನೀಲಿ ಉಟ್ಟೀಯಲ್ಲ?"
ಅವ್ವ ಎಲೆಯಡಕೆಯ ಸಂಚಿ ಬಿಚ್ಚಿದಳು.
ಸುಣ್ಣದ ಕಲೆ ಹತ್ತಿದ ಆ ಚೀಟಿ ಹೊರಬಂತು.
ಬಾಳವ್ವನಿಗೆ ಓದಲು ಬಾರದು. ಅವ್ವನಿಗೂ ಬಾರದು.
"ಬಿಳಿ ಐತವ್ವ. ಇಲ್ಲೇ ಬರದಾರ ನೋಡು,"
ಎಂದು ಕಿಟಕಿಯನ್ನು ತೋರಿಸಿದವಳು
ಬೆರಳನ್ನು ಯಾಕೋ
ಏಣಿಯ ಮೇಲಕ್ಕೆ ಸರಿಸಿಕೊಂಡಳು.